ಉಡಿಗೆ ಹಾಕಿದ ಹಾಡುಗಳು

ಲಂಡನ್ನಿನ ಒಂದು ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್ನಿನಲ್ಲಿ ಕೂರಲು ಶುರುಮಾಡಿ ನನಗೆ ಹನ್ನೊಂದು ವರ್ಷವಾಯಿತು. ಬೆಳಗ್ಗೆ ಎಂಟಕ್ಕೆ ಫೋನ್ ಲೈನ್ ತೆರೆಯುತ್ತದೆ, ತೆರೆದ ಮರುನಿಮಿಷದಲ್ಲೇ ಸಾಲು ತುಂಬಿರುತ್ತದೆ. ಮೊಣಕಾಲು ನೋವು, ಮಗುವಿನ ಜ್ವರ, ಬಾರದ ರಿಪೋರ್ಟು, ಮುಗಿದುಹೋದ ಮಾತ್ರೆ. ಡಾಕ್ಟರು ಒಬ್ಬೊಬ್ಬರ ಮಾತನ್ನು ಹತ್ತು ನಿಮಿಷ ಕೇಳುತ್ತಾರೆ. ಅದಕ್ಕೂ ಮೊದಲು ಎಲ್ಲರದನ್ನೂ ಕೇಳುವವಳು ನಾನು, ಅಪಾಯಿಂಟ್‌ಮೆಂಟ್ ಇಲ್ಲವೆಂದಾಗ ಬೈಸಿಕೊಳ್ಳುವವಳೂ ನಾನೇ. ಸಂಜೆ ರೇನರ್ಸ್ ಲೇನಿನ ಮನೆಗೆ ಬಂದು ಸೋಫಾದ ಮೇಲೆ ಕೂತರೆ ಶೂ ಬಿಚ್ಚುವುದಕ್ಕೂ ಬೇಜಾರು. ಆಗ ಯಾರು ಏನು ಹೇಳಿದರೂ ನನ್ನ ಬಾಯಿಂದ ಬರುವುದು ಒಂದೇ ಶಬ್ದ: "ಹೂಂ."

ಆ ಹೂಂಗೆ ಅರ್ಥವಿಲ್ಲ. ನಮ್ಮವರಿಗೆ ಇದು ಗೊತ್ತು, ಮುಖ್ಯವಾದ ಸಂಗತಿಯಿದ್ದರೆ ಪಕ್ಕದ ಕೋಣೆಯಿಂದಲೇ ಮೆಸೇಜ್ ಕಳಿಸುತ್ತಾರೆ. ಮಗಳಿಗೂ ಗೊತ್ತಿದೆ ಎಂದುಕೊಂಡಿದ್ದೆ.

ಮಗಳಿಗೆ ಹದಿನೈದು. ನಾನು ಧಾರವಾಡದ ಮಾತಿನಲ್ಲಿ ಕೇಳುತ್ತೇನೆ, ಅವಳು ಲಂಡನ್ನಿನ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಇಬ್ಬರದೂ ತಿಳಿಯುತ್ತದೆ, ಹಾಗಾಗಿ ಯಾರೂ ಬದಲಾಗುವ ಗೋಜಿಗೆ ಹೋಗಿಲ್ಲ. ಅವಳ ಕೋಣೆಯ ಗೋಡೆಯ ತುಂಬ ಕೊರಿಯಾದ ಏಳು ಹುಡುಗಿಯರು. ಒಂದು ಕಾಲಕ್ಕೆ ಒಟ್ಟಿಗೆ ಹಾಡಿ ಕುಣಿಯುತ್ತಿದ್ದವರು, ಈಗ ಗುಂಪು ಒಡೆದು ಅವರವರ ದಾರಿ ಹಿಡಿದಿದ್ದಾರೆ. ಅವರ ಹಾಡುಗಳನ್ನು ಅವಳು ಕಲಿತದ್ದು ಜಾಫ್ನಾ ಕಡೆಯ ತಮಿಳರ ಹುಡುಗಿಯೊಬ್ಬಳ ಜೊತೆ. ಇಬ್ಬರೂ ಪ್ರೈಮರಿ ಶಾಲೆಯಿಂದ ಒಂದೇ ಬೆಂಚು. ನಮ್ಮ ಮನೆಯ ಸಿಟ್ಟಿಂಗ್ ರೂಮಿನ ಕಾರ್ಪೆಟ್ಟು ನಡುವೆ ತೆಳ್ಳಗಾಗಿದ್ದರೆ ಅದು ಇವರಿಬ್ಬರು ಕುಣಿದು ಸವೆಸಿದ್ದು.

ಈ ಹುಡುಗಿಯರು ತಮ್ಮ ಹೆಸರಾದ ಹಾಡುಗಳನ್ನೆಲ್ಲ ಜಪಾನಿನ ಕೇಳುಗರಿಗಾಗಿ ಜಪಾನಿ ಭಾಷೆಯಲ್ಲಿ ಮತ್ತೆ ಹಾಡಿ ಒಂದು ಆಲ್ಬಂ ಮಾಡಿದ್ದರಂತೆ. ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಅಡಿಗೆಮನೆಯ ಕಟ್ಟೆಗೆ ಒರಗಿ ಇದನ್ನೆಲ್ಲ ಹೇಳಿದಳು. ಅದರ ಮೊದಲ ಆವೃತ್ತಿ ಈಗ ಸಿಗುವುದೇ ಕಷ್ಟ, ಜಪಾನಿನಲ್ಲಿ ಯಾರೋ ಮಾರುತ್ತಿದ್ದಾರೆ, ಸೀಲು ಕೂಡ ಒಡೆದಿಲ್ಲ, ಗೆಳತಿ ಮತ್ತು ನಾನು ಸೇರಿ ತರಿಸುತ್ತಿದ್ದೇವೆ ಅಂತ.

"ಅವs ಹಾಡು, ಅವs ಹುಡುಗ್ಯಾರು. ಮತ್ತ್ಯಾಕ ಇನ್ನೊಮ್ಮೆ ಹಾಡಬೇಕು? ಅಲ್ಲಿ ಮಂದಿ ಕೊರಿಯನ್‌ದಾಗs ಕೇಳತಿದ್ದಿಲ್ಲೇನು?" ಅಂದೆ.

ಕೇಳುತ್ತಿದ್ದರು, ಅಂದಳು. ಆದರೆ ತಮ್ಮ ಭಾಷೆಯಲ್ಲಿ ಮತ್ತೆ ಹಾಡಿದಾಗ, ಇದು ನಮಗೇ ಹೇಳಿದ್ದು ಅಂತ ಅವರಿಗೆ ಗೊತ್ತಾಗುತ್ತದೆ.

ಹಂಚಿನ ಮೇಲೆ ರೊಟ್ಟಿ ಹತ್ತುತ್ತಿತ್ತು. ನಾನು ಹೂಂ ಅಂದೆ.

ಆಲ್ಬಂ ಬರುವ ಹೊತ್ತಿಗೆ ಗೆಳತಿಯ ಅಪ್ಪನಿಗೆ ಉತ್ತರದ ಕಡೆ ಕೆಲಸ ಸಿಕ್ಕಿ ಮನೆಮಂದಿಯೆಲ್ಲ ಹೋಗಿಬಿಟ್ಟಿದ್ದರು, ರೈಲಿನಲ್ಲಿ ನಾಲ್ಕು ತಾಸಿನ ದೂರ. ಡಬ್ಬದ ಒಳಗೆ ಎರಡು ಸಿಡಿ, ಒಂದು ಫೋಟೋ ಪುಸ್ತಕ, ಮತ್ತು ಏಳು ಹುಡುಗಿಯರಲ್ಲಿ ಯಾರಾದರೂ ಒಬ್ಬಳ ಚಿತ್ರವಿರುವ ಸಣ್ಣ ಕಾರ್ಡು. ಯಾರ ಕಾರ್ಡು ಬಂದಿದೆಯೆಂದು ತೆರೆಯುವ ತನಕ ಯಾರಿಗೂ ತಿಳಿಯುವುದಿಲ್ಲ. ಅಕ್ಟೋಬರಿನ ಹಾಫ್ ಟರ್ಮ್ ರಜೆಗೆ ಗೆಳತಿ ಬಂದಾಗ ಒಟ್ಟಿಗೇ ತೆರೆಯುವುದು, ಕಾರ್ಡು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಇದು ಅವರಿಬ್ಬರ ಕರಾರು. ಅಲ್ಲಿಯತನಕ ತನ್ನ ಕಣ್ಣಿಗೆ ಬೀಳದ ಕಡೆ ಇಟ್ಟಿರಬೇಕು, ಇಲ್ಲದಿದ್ದರೆ ತಡೆಯಲಾರದೆ ಬಿಚ್ಚಿಬಿಡುತ್ತೇನೆ ಎಂದು ಮಗಳು ಅದನ್ನು ನನ್ನ ಕಪಾಟಿನಲ್ಲಿ ಇಟ್ಟಳು. ಇಟ್ಟು ಬಂದು ನನಗೆ ಹೇಳಿದಳು. ಅಮ್ಮ, ಅದನ್ನು ಮುಟ್ಟಬೇಡ, ರಜೆ ಬರುವವರೆಗೂ ನೋಡಿಕೋ.

ನಾನು ಸೋಫಾದ ಮೇಲೆ ಕೂತಿದ್ದೆ. ಹೂಂ ಅಂದೆನಂತೆ. ನನಗೆ ಅದರ ನೆನಪೇ ಇಲ್ಲ.

ಆ ಕಪಾಟಿನ ವಿಷಯ ಹೇಳಬೇಕು. ಬಾಯ್ಲರ್ ಇರುವ ಕಪಾಟಿನ ಕೆಳಗಿನ ಎರಡು ಹಲಗೆ ನಮ್ಮ ಮನೆಯಲ್ಲಿ ಕೊಡುವ ಸಾಮಾನಿಗೆ ಮೀಸಲು. ಕುಬಸದ ಖಣ, ಸ್ಟೀಲ್ ಬಟ್ಟಲು, ಸೆಂಟಿನ ಮೇಣದಬತ್ತಿ, ಚಾಕೊಲೇಟ್ ಡಬ್ಬಿ. ಯಾರೋ ನಮಗೆ ಕೊಟ್ಟದ್ದು, ನಾವು ಇನ್ಯಾರಿಗೋ ಕೊಡುವುದು. ನಿಯಮ ಒಂದೇ: ಸೀಲು ಒಡೆದಿರಬಾರದು. ಕೊಟ್ಟವರ ಮನೆಗೇ ತಿರುಗಿ ಹೋಗದಿರಲಿ ಎಂದು ಪ್ರತಿಯೊಂದರ ತಳದಲ್ಲೂ ಯಾರಿಂದ ಬಂತೆಂದು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿಡುತ್ತೇನೆ. ಇಷ್ಟಾದರೂ ಒಂದು ಗುಲಾಬಿ ಸೋಪಿನ ಸೆಟ್ಟು ಎರಡು ವರ್ಷ ನಮ್ಮ ಹ್ಯಾರೋ ಕಡೆಯ ಕನ್ನಡದವರ ಮನೆಗಳನ್ನೆಲ್ಲ ಸುತ್ತಿ, ನನ್ನದೇ ಪೆನ್ಸಿಲ್ ಅಕ್ಷರದ ಸಮೇತ ನನ್ನ ಕೈಗೇ ಬಂದಿತ್ತು. ನಾನೂ ಬಿಡದೆ ಅದನ್ನು ಮತ್ತೆ ಸಾಗಹಾಕಿದೆ. ಮಗಳು ನೋಡುತ್ತಾ ಬಂದದ್ದು ಒಂದನ್ನೇ, ಆ ಹಲಗೆಯ ಮೇಲಿನದನ್ನು ಈ ಮನೆಯಲ್ಲಿ ಯಾರೂ ಬಿಚ್ಚುವುದಿಲ್ಲ. ಬಿಚ್ಚದ ಸಾಮಾನು ಎಲ್ಲಿಗೆ ಹೋಗುತ್ತದೆ ಎಂದು ಅವಳು ಯೋಚಿಸಿರಲಿಲ್ಲ.

ನವರಾತ್ರಿಗೆ ನಾಲ್ಕು ದಿನ ಮುಂಚೆ ಪಿನ್ನರ್‌ನಿಂದ ಪರಿಚಯದ ಹೆಂಗಸೊಬ್ಬರು ತಮ್ಮ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಮೈಸೂರಿನವರು, ವರ್ಷವೂ ಗೊಂಬೆ ಕೂರಿಸುತ್ತಾರೆ, ಅದಕ್ಕೆ ಕರೆಯಲು ಬಂದಿದ್ದರು. ಫೋನಿನಲ್ಲಿ ಕರೆದರೂ ನಡೆಯುತ್ತಿತ್ತು. ಆದರೆ ಅವರು ಬಂದು ಕುಂಕುಮ ಹಚ್ಚಿಯೇ ಕರೆಯುವವರು, ನಾನು ಹೆಣ್ಣುಮಕ್ಕಳನ್ನು ಉಡಿ ತುಂಬದೆ ಕಳಿಸದವಳು. ತಾಯಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಹಾಕಿದೆ. ಹುಡುಗಿ ಜೀನ್ಸ್ ಹಾಕಿಕೊಂಡು ನಿಂತಿತ್ತು. ಅದಕ್ಕೆ ಏನು ಕೊಡಲಿ ಅಂತ ಕಪಾಟು ತೆರೆದರೆ, ಎದುರಿಗೇ ತಿಳಿನೀಲಿ ಬಣ್ಣದ ಚೆಂದದ ಡಬ್ಬ. ಸೀಲು ಹಾಗೇ ಇದೆ. ಮೇಲೆ ನಗುವ ಹುಡುಗಿಯರು, ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಜಪಾನಿ ಅಕ್ಷರ.

ಇಲ್ಲಿ ನನ್ನ ಜಾಣತನ ಕೇಳಬೇಕು. ಕೊರಿಯಾದ ಅಕ್ಷರದಲ್ಲಿ ಸಣ್ಣ ಸಣ್ಣ ಸೊನ್ನೆಗಳಿರುತ್ತವೆ ಎಂದು ಮಗಳು ಎಂದೋ ತೋರಿಸಿದ್ದಳು. ಇದರಲ್ಲಿ ಅವು ಇರಲಿಲ್ಲ. ಹಾಗಾದರೆ ಇದು ಮಗಳದ್ದಲ್ಲ, ನಮ್ಮವರ ಆಫೀಸಿಗೆ ಟೋಕಿಯೋದಿಂದ ಬಂದುಹೋಗುವವರು ಕೊಟ್ಟದ್ದಿರಬೇಕು ಎಂದು ನಿಂತಲ್ಲೇ ತೀರ್ಮಾನಿಸಿ, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಡಬ್ಬದ ತಳದಲ್ಲಿ ಪೆನ್ಸಿಲ್ ಗುರುತಿರಲಿಲ್ಲ. ಅದನ್ನು ನೋಡಿಯಾದರೂ ಎಚ್ಚರವಾಗಬೇಕಿತ್ತು. ಆಗಲಿಲ್ಲ, ಹುಡುಗಿಯ ಕೈಗೆ ಕುಂಕುಮದ ಜೊತೆ ಕೊಟ್ಟು ಕಳಿಸಿದೆ.

ಹಾಫ್ ಟರ್ಮಿಗೆ ಹನ್ನೆರಡು ದಿನ ಇರುವಾಗ ಮಗಳು ಕಪಾಟು ತೆರೆದಳು. ಬರಿಗೈಯಲ್ಲಿ ನನ್ನ ಮುಂದೆ ಬಂದು ನಿಂತಳು. ಏನು ನಡೆದಿದೆಯೆಂದು ನನಗೆ ಅವಳ ಮುಖ ನೋಡುತ್ತಿದ್ದಂತೆ ಹೊಳೆಯಿತು.

"ಅದು ಜಪಾನಿ ಇತ್ತಲ್ಲವಾ... ನಿಮ್ಮಪ್ಪನ ಆಫೀಸಿನವ್ರು ಕೊಟ್ಟಿದ್ದು ಅಂತ ತಿಳ್ಕೊಂಡೆ. ನೀ ಒಂದ್ಮಾತು ಹೇಳಬಾರದಾ?"

ಹೇಳಿದ್ದೆ, ಅಂದಳು. ನೀನು ಹೂಂ ಅಂದೆ.

ಅವಳು ಕಿರುಚಿದ್ದರೆ ನಾನೂ ಕಿರುಚಿ ಹಗುರಾಗುತ್ತಿದ್ದೆ. ಕಿರುಚಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು, ಅದೂ ಸದ್ದಾಗದಂತೆ. ಆಮೇಲಿನ ದಿನಗಳಲ್ಲಿ ಅವಳು ಜಗಳ ಆಡಲಿಲ್ಲ, ಮಾತೂ ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಶಾಲೆಯ ಟ್ರಿಪ್ಪಿನ ಕಾಗದಕ್ಕೆ ಅಪ್ಪನ ಸಹಿ ಹಾಕಿಸಿಕೊಂಡಳು. ಹಲ್ಲಿನ ಬ್ರೇಸಿನ ತಂತಿ ಕಿತ್ತು ಬಂದಾಗ ಕ್ಲಿನಿಕ್ಕಿಗೆ ತಾನೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡಳು. ಇಡೀ ದಿನ ಊರವರಿಗೆಲ್ಲ ಅಪಾಯಿಂಟ್‌ಮೆಂಟ್ ಕೊಡುವ ನನಗೆ ನನ್ನ ಮಗಳ ಅಪಾಯಿಂಟ್‌ಮೆಂಟ್ ತಿಳಿದದ್ದು ಫ್ರಿಜ್ಜಿನ ಮೇಲಿನ ಚೀಟಿಯಿಂದ. ಅದನ್ನು ಓದಿ ನನಗೆ ಅಳು ಬಂತು. ಡಬ್ಬ ಹೋದರೆ ಹೋಗಲಿ, ಇವಳು ಇನ್ನು ಮೇಲೆ ನನ್ನ ಹತ್ತಿರ ಏನನ್ನೂ ಇಡುವುದಿಲ್ಲ, ಏನನ್ನೂ ಹೇಳುವುದಿಲ್ಲ ಅನ್ನುವುದು ಆಗ ಹೊಳೆಯಿತು.

ಉಡಿಗೆ ಹಾಕಿದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ. ನಮ್ಮ ಕಡೆ ಅಂಥದ್ದೊಂದು ನಡೆದಿದೆಯೆಂದು ಕೂಡ ನಾನು ಕೇಳಿಲ್ಲ. ಬುಧವಾರ ಕೆಲಸ ಮುಗಿಸಿ, ಕೇಳಲೆಂದೇ ಪಿನ್ನರ್ ಬಸ್ಸು ಹತ್ತಿದೆ.

ಅವರು ಕಾಫಿ ಕೊಟ್ಟರು. ಗೊಂಬೆ ನೋಡಲು ಬರಲಿಲ್ಲವಲ್ಲ ಎಂದು ಆಕ್ಷೇಪಿಸಿದರು. ಶನಿವಾರ ಡ್ಯೂಟಿ ಇತ್ತೆಂದೆ. ಚಳಿಯ ಬಗ್ಗೆ ಮಾತಾಡಿದೆವು, ಕೌನ್ಸಿಲ್ಲಿನವರು ಕಸದ ಡಬ್ಬಿಯ ದಿನ ಬದಲಿಸಿದ್ದರ ಬಗ್ಗೆ ಮಾತಾಡಿದೆವು. ಲೋಟ ಖಾಲಿಯಾದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

"ಒಂದ್ ಮಾತು ಕೇಳಬೇಕಾಗಿತ್ರಿ. ಹೆಂಗ ಕೇಳಬೇಕೋ ತಿಳೀವಲ್ದು."

"ಅಯ್ಯೋ ಕೇಳಿ, ನಮ್ಮ ಹತ್ರ ಏನು ಸಂಕೋಚ?"

ಹೇಳಿದೆ. ಅವರ ಮುಖ ಕೆಂಪಗಾಯಿತು. ನನ್ನ ಮೇಲೆ ಸಿಟ್ಟು ಬಂತೇನೋ ಎಂದುಕೊಂಡೆ.

"ಅದು ಇಲ್ಲ ಕಣ್ರೀ," ಅಂದರು ತಗ್ಗಿದ ದನಿಯಲ್ಲಿ. "ನಮ್ಮ ಹುಡುಗಿಗೆ ಇವೆಲ್ಲ ಇಷ್ಟ ಆಗಲ್ಲ, ಅವಳದ್ದೆಲ್ಲ ಫುಟ್‌ಬಾಲು. ಸೀಲೂ ಒಡೆದಿರಲಿಲ್ಲ. ಗೊಂಬೆ ನೋಡೋಕೆ ಬಂದಿದ್ರಲ್ಲ, ಕ್ವೀನ್ಸ್‌ಬರಿಯವರು, ಅವರ ಮಗಳಿಗೆ ತಾಂಬೂಲದ ಜೊತೆ ಕೊಟ್ಟುಬಿಟ್ಟೆ."

ಆಮೇಲೆ ಅವರು ಎದ್ದು ಮೆಟ್ಟಿಲ ಕೆಳಗಿನ ತಮ್ಮ ಕಪಾಟು ತೆರೆದು ತೋರಿಸಿದರು, ತಪ್ಪೊಪ್ಪಿಕೊಳ್ಳುವವರ ಹಾಗೆ. ಎರಡನೆಯ ಹಲಗೆಯಲ್ಲಿ ಆ ಗುಲಾಬಿ ಸೋಪಿನ ಸೆಟ್ಟಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸುಸ್ತು ಇನ್ನೂ ಹೆಚ್ಚಾಯಿತು. ಹೊರಡುವಾಗ ಕುಂಕುಮ ಕೊಟ್ಟು ನನ್ನ ಕೈಗೊಂದು ಖಣ ಹಾಕಿದರು. ಕೊಟ್ಟದ್ದನ್ನು ಬಿಡಿಸಿಕೊಳ್ಳಲು ಹೋದವಳು ಇನ್ನೊಂದು ಹೊತ್ತುಕೊಂಡು ಮನೆಗೆ ಬಂದೆ.

ಶನಿವಾರ ಕ್ವೀನ್ಸ್‌ಬರಿಗೆ ಹೊರಟೆ. ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬು ರೈಲು ಬದಲಿಸಲು ನಿಂತಾಗ, ರೊಟ್ಟಿ ಬಡಿದ ಭಾನುವಾರ ಮಗಳು ಹೇಳಿದ್ದು ಇದ್ದಕ್ಕಿದ್ದಂತೆ ನೆನಪಾಯಿತು. ಇದು ನಮಗೇ ಹೇಳಿದ್ದು ಅಂತ ಗೊತ್ತಾಗುತ್ತದೆ. ಅಂದರೆ ಅಂದು ಅದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದದ್ದನ್ನು ಎತ್ತಿಕೊಳ್ಳುವ ತ್ರಾಣ ಇರಲಿಲ್ಲ, ಅಷ್ಟೆ. ಎದುರಿನ ಪ್ಲಾಟ್‌ಫಾರಮ್ಮಿನ ಮೇಲೆ ಅವಳ ವಯಸ್ಸಿನ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನು ಹಂಚಿಕೊಂಡು ನಿಂತಿದ್ದರು. ನಾನು ಬೇರೆ ಕಡೆ ನೋಡಿದೆ.

ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಬಣ್ಣದ ಪೆನ್ಸಿಲಿನ ದೊಡ್ಡ ಪೆಟ್ಟಿಗೆಯೊಂದನ್ನು ಕೊಂಡೆ. ಕಪಾಟಿನಿಂದಲ್ಲ, ಅಂಗಡಿಯಿಂದ. ಒಬ್ಬರಿಗೆಂದೇ ಏನಾದರೂ ಕೊಂಡು ಎಷ್ಟು ವರ್ಷವಾಗಿತ್ತೋ.

ಕ್ವೀನ್ಸ್‌ಬರಿಯವರು ವಿಜಯಪುರದ ಕಡೆಯವರು. ನಾನು ಮೊದಲೇ ಫೋನ್ ಮಾಡಿದ್ದರೂ ವಿಷಯ ಹೇಳಿರಲಿಲ್ಲ. "ಬರ್ರಿ ಅಕ್ಕಾರ, ಒಳಗ ಬರ್ರಿ. ಇಷ್ಟ್ ದೂರ ಬಂದೀರಿ, ಊಟಾ ಮಾಡೇ ಹೋಗ್ಬೇಕು," ಎಂದು ಕೈಹಿಡಿದು ಒಳಗೆ ಕರೆದುಕೊಂಡರು. ಕೂತು ತಲೆಯೆತ್ತಿದರೆ ಎದುರಿಗೇ ದೇವರ ಗೂಡು, ಅದರ ಕೆಳಗಿನ ಹಲಗೆಯಲ್ಲಿ ತಿಳಿನೀಲಿ ಡಬ್ಬ. ಸೀಲು ಒಡೆದಿರಲಿಲ್ಲ. ಯಾರೋ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದರು.

"ತಾಂಬೂಲದಾಗ ಬಂದದ್ದಲ್ರೀ, ಅದಕ್ಕ ದೇವ್ರ ಹತ್ರ ಇಟ್ಟೀನಿ. ಇಕೀ ದಿನಾ ಜೀವಾ ತಿನ್ನತಾಳ, ತೆಗೀಲೇನು ತೆಗೀಲೇನು ಅಂತ. ದೀಪಾವಳಿ ದಿನ ತೆಗಿ ಅಂದೀನಿ," ಅಂದರು. ಅವರ ಮಗಳು, ಒಂಬತ್ತು ವರ್ಷದವಳು, ಬಾಗಿಲಲ್ಲಿ ನಿಂತು ಡಬ್ಬವನ್ನೇ ನೋಡುತ್ತಿದ್ದಳು.

ಇದನ್ನು ನಾನು ಎಣಿಸಿರಲಿಲ್ಲ. ದೊಡ್ಡವರ ಕಪಾಟಿನಿಂದ ಬಿಡಿಸಿಕೊಳ್ಳುವುದು ಬೇರೆ, ಕಾದು ಕೂತ ಮಗುವಿನ ಕೈಯಿಂದ ಕಸಿಯುವುದು ಬೇರೆ. ಎದ್ದು ಹೋಗಿಬಿಡಲೇ ಅನ್ನಿಸಿತು. ಮಗಳಿಗೆ ಸಿಗಲಿಲ್ಲ ಎಂದರಾಯಿತು. ಅವಳು ನಂಬುತ್ತಿದ್ದಳೂ ಹೌದು, ಅವಳಿಗೆ ನನ್ನಿಂದ ಯಾವ ನಿರೀಕ್ಷೆಯೂ ಉಳಿದಿರಲಿಲ್ಲ. ಅದು ನೆನಪಾದದ್ದೇ ಎದ್ದು ನಿಲ್ಲುವುದನ್ನು ಬಿಟ್ಟು, ತಾಯಿಗೆ ಹೇಳುವ ಬದಲು ಹುಡುಗಿಯನ್ನೇ ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ನನ್ನ ಮಗಳು ಅದನ್ನು ನನ್ನ ಹತ್ತಿರ ಇಡಲು ಕೊಟ್ಟಿದ್ದಳು, ನಾನು ಅವಳ ಮಾತು ಕೇಳಿಸಿಕೊಳ್ಳದೆ ಬೇರೆಯವರಿಗೆ ಕೊಟ್ಟುಬಿಟ್ಟೆ, ಅವಳೂ ಅವಳ ಗೆಳತಿಯೂ ಅದಕ್ಕಾಗಿ ಕಾಯುತ್ತಿದ್ದಾರೆ ಎಂದು ಎಲ್ಲವನ್ನೂ ಇದ್ದಂತೆ ಹೇಳಿದೆ. ತಾಯಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

ಅವಳು ಅತ್ತಳಾ? ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲವಾ. ಅತ್ತಿದ್ರ ಚಲೋ ಇತ್ತು."

ಅವಳು ಸ್ವಲ್ಪ ಯೋಚಿಸಿದಳು. ಹೋಗಿ ಡಬ್ಬ ತಂದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಯಾವ ಹುಡುಗಿಯ ಕಾರ್ಡಿದೆ ಅಂತ ನನಗೆ ಹೇಳಬೇಕು, ಅಂದಳು. ಪೆನ್ಸಿಲಿನ ಪೆಟ್ಟಿಗೆ ಕೊಟ್ಟೆ. ತೆಗೆದುಕೊಂಡಳು, ಆದರೆ ಕಣ್ಣು ಡಬ್ಬದ ಮೇಲೆಯೇ ಇತ್ತು. ಹೊರಡುವಾಗ ಅವಳ ತಾಯಿ ನನ್ನ ಉಡಿ ತುಂಬದೆ ಬಿಡಲಿಲ್ಲ. ಅಕ್ಕಿ, ಕೊಬ್ಬರಿ, ಒಂದು ಸ್ಟೀಲ್ ಬಟ್ಟಲು. ಟ್ಯೂಬಿನಲ್ಲಿ ಅವನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಹ್ಯಾರೋವರೆಗೂ ತೂಕಡಿಸಿದೆ. ಡಬ್ಬವನ್ನು ಮಾತ್ರ ಎರಡೂ ಕೈಯಿಂದ ಹಿಡಿದಿದ್ದೆ.

ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅರಿಶಿನದ ಕಲೆಯ ಮೇಲೆ ಬೆರಳಾಡಿಸಿದಳು. "ಥ್ಯಾಂಕ್ಸ್," ಅಂದಳು. ನಮ್ಮ ಸರ್ಜರಿಯ ಕೌಂಟರಿನಲ್ಲಿ ರೋಗಿಗಳು ಹೇಳುವ ಥ್ಯಾಂಕ್ಸ್ ಅದು. ಮೇಲೆ ಹೋಗಿ ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ನಾನು ಯಾರು ಯಾರ ಮನೆಗೆ ಹೋಗಿದ್ದೆನೆಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಅಷ್ಟು ದೂರ ತಿರುಗಿದ್ದಕ್ಕೆ ಇಷ್ಟೇನಾ ಎಂದು ಸಿಟ್ಟೂ ಬಂತು, ಸುಳ್ಳು ಹೇಳಲಾರೆ.

ಹಾಫ್ ಟರ್ಮಿಗೆ ಗೆಳತಿ ಬಂದು ಎರಡು ದಿನ ಇದ್ದಳು. ಬಂದ ಮಧ್ಯಾಹ್ನವೇ ಇಬ್ಬರೂ ಮೇಲಿನ ಕೋಣೆ ಸೇರಿದರು. ನಾನು ಮೆಟ್ಟಿಲ ಬುಡದಲ್ಲಿ ಒಗೆದ ಬಟ್ಟೆ ಮಡಿಸುತ್ತಾ ಕೂತೆ, ಕೆಲಸ ಇರುವವಳ ಹಾಗೆ. ಪ್ಲಾಸ್ಟಿಕ್ ಹರಿದ ಸದ್ದು, ಆಮೇಲೆ ನಿಶ್ಶಬ್ದ, ಆಮೇಲೆ ಇಬ್ಬರ ಕಿರುಚಾಟ ಒಟ್ಟಿಗೆ. ಹಾಡು ಶುರುವಾಯಿತು. ಎಷ್ಟೋ ವರ್ಷ ಗೋಡೆಯಾಚೆಯಿಂದ ಕೇಳಿ ತಲೆನೋವು ತಂದುಕೊಂಡ ಅದೇ ರಾಗ, ಮಾತು ಮಾತ್ರ ಬೇರೆ. ನನಗೆ ಎರಡೂ ತಿಳಿಯದು. ಆದರೂ ಆವತ್ತು ಪೂರ್ತಿ ಕೇಳಿದೆ. ಯಾರೂ ನನ್ನನ್ನು ಮೇಲೆ ಕರೆಯಲಿಲ್ಲ.

ಗೆಳತಿ ಹೊರಟ ದಿನ ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತೆ. ಹೆಣ್ಣುಮಗು, ಬರಿಗೈಯಲ್ಲಿ ಕಳಿಸುವುದು ಹೇಗೆ? ಕಪಾಟಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟೆ. "ಏನ್ ಕೊಡ್ಲಿ? ನೀನs ಹೇಳು," ಎಂದು ಮಗಳನ್ನು ಕರೆದೆ. ಅವಳು ಬಗ್ಗಿ ಹುಡುಕಿ ಕ್ವೀನ್ಸ್‌ಬರಿಯ ಸ್ಟೀಲ್ ಬಟ್ಟಲನ್ನು ಎತ್ತಿದಳು. ತಳ ತಿರುಗಿಸಿ ನನ್ನ ಪೆನ್ಸಿಲ್ ಅಕ್ಷರ ಕೂಡಿಸಿ ಓದಿ, ಇದು ಯಾರು ಅಂತ ಕೇಳಿದಳು. ಹೇಳಿದೆ. ಆ ಒಂಬತ್ತು ವರ್ಷದ ಹುಡುಗಿಗೆ ಕೊಟ್ಟ ಮಾತನ್ನೂ ಹೇಳಿದೆ. ಮಗಳು ಗೆಳತಿಯ ಚೀಲದಿಂದ ಕಾರ್ಡು ಹೊರಗೆ ತೆಗೆಸಿ, ಫೋಟೋ ತೆಗೆದು, ಆ ಹುಡುಗಿಯ ಅಮ್ಮನ ನಂಬರಿಗೆ ನನ್ನ ಫೋನಿನಿಂದಲೇ ಕಳಿಸಿದಳು.

ಮರುದಿನ ಸಂಜೆ ಕೆಲಸದಿಂದ ಬಂದು ಸೋಫಾದಲ್ಲಿ ಕೂತಿದ್ದೆ, ಕಾಲಲ್ಲಿ ಇನ್ನೂ ಶೂ. ಮಗಳು ತಿಳಿನೀಲಿ ಡಬ್ಬ ಹಿಡಿದುಕೊಂಡು ಎದುರಿಗೆ ಬಂದು ನಿಂತಳು. ಅರಿಶಿನ ಹತ್ತಿದ ಪ್ಲಾಸ್ಟಿಕ್ಕನ್ನೂ ಮಡಚಿ ಅದರೊಳಗೆ ಇಟ್ಟಿದ್ದಳು. ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದಳು. ಹೇಳಿ ಮೇಲೆ ಹೋಗಲಿಲ್ಲ. ಕಾಯುತ್ತಾ ನಿಂತಳು.

ಬಾಯಿಗೆ ಬಂದ ಹೂಂ ನುಂಗಿಕೊಂಡೆ. ಎದ್ದು ಕೂತು ಡಬ್ಬ ಕೈಗೆ ತೆಗೆದುಕೊಂಡು, ಅವಳು ಹೇಳಿದ್ದನ್ನೇ ನನ್ನ ಮಾತಿನಲ್ಲಿ ತಿರುಗಿ ಹೇಳಿದೆ.

"ಇದನ್ನ ನನ್ನ ಕಪಾಟನ್ಯಾಗ ಇಡಬೇಕು. ಮ್ಯಾಲಿನ ಹಲಿಗೀ ಮ್ಯಾಲೆ, ಕೊಡೂ ಸಾಮಾನಿನ ಜೋಡಿ ಅಲ್ಲ. ಯಾರ್ ಬಂದ್ರೂ ಕೊಡಬಾರದು, ನಿಮ್ಮಪ್ಪ ಕೇಳಿದ್ರೂ ಕೊಡಬಾರದು. ಏಪ್ರಿಲ್‌ದಾಗ ಆಕೀ ಕಾರ್ಡ್ ತಗೊಂಡು ಬರ್ತಾಳ, ಅವತ್ತು ತೆಗೀಬೇಕು."

ಅವಳು ಒಂದೊಂದನ್ನೂ ಬೆರಳಲ್ಲಿ ಎಣಿಸುತ್ತಾ ಕೇಳಿದಳು. ನಾಲ್ಕೂ ಸರಿಯಾಗಿದ್ದವು.

"ಹೂಂ," ಅಂದಳು ಮಗಳು.